ಗಿಟಾರಿನ ಮರಕ್ಕೆ ರೌಟರ್ ಇಡುವ ಮುನ್ನ

ಹೋದ ಶ್ರಾವಣದಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಗಿಟಾರ್ ಹೆಗಲಿಗೆ ಹಾಕಿಕೊಂಡು ಬಂದ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್, ಮೂರು ಸಿಂಗಲ್ ಕಾಯಿಲ್ ಪಿಕಪ್. ತಂತಿಯ ನಡುಕವನ್ನು ವಿದ್ಯುತ್ ಸಂಕೇತ ಮಾಡುವುದೇ ಪಿಕಪ್. "ಅಣ್ಣಾ, ಬ್ರಿಜ್ ಹತ್ರ ಹಂಬಕರ್ ಹಾಕ್ಬೇಕು. ಮರ ಕೊರಿಯಾಕ ಯಾವ ರೌಟರ್ ತಗೊಳ್ಲಿ ಹೇಳ್ರಿ" ಅಂದ. ರೌಟರ್ ಅಂದರೆ ವೇಗವಾಗಿ ತಿರುಗುವ ಅಲಗಿನಿಂದ ಮರ ಕೊರೆಯುವ ಮಷಿನ್. ಹಂಬಕರ್ ಅಂದರೆ ಎರಡು ಸುರುಳಿಯ, ಅಗಲವಾದ ಪಿಕಪ್. ಬ್ರಿಜ್ ಅಂದರೆ ಬಾಡಿಯ ಮೇಲೆ ತಂತಿಗಳು ಕೂರುವ ತುದಿ. ತಂತಿ ಸಡಿಲಿಸಿ, ಪಿಕಪ್ ಕೂತಿರುವ ಪ್ಲಾಸ್ಟಿಕ್ ಹಾಳೆಯಾದ ಪಿಕ್‌ಗಾರ್ಡಿನ 11 ಸ್ಕ್ರೂ ಬಿಚ್ಚಿ ಎತ್ತಿ ನೋಡಿದೆವು. ಬ್ರಿಜ್ ಕಡೆಯ ಕುಳಿ ಕಾರ್ಖಾನೆಯಲ್ಲೇ ಹಂಬಕರ್ ಅಗಲಕ್ಕೆ ಕೊರೆದು ಬಂದಿತ್ತು. ಅವನಿಗೆ ಬೇಕಾದದ್ದು ರೌಟರ್ ಅಲ್ಲ, ತೂತಿನ ಆಕಾರ ಬೇರೆ ಇರುವ ಒಂದು ಪಿಕ್‌ಗಾರ್ಡ್ ಅಷ್ಟೇ.

ಹಾಗಾಗಿ ಈ ಕೆಲಸದ ಮೊದಲ ಉಪಕರಣ ಸ್ಕ್ರೂಡ್ರೈವರ್. ಒಂದೇ ಬಾಡಿಯನ್ನು ನಾಲ್ಕಾರು ಮಾದರಿಗಳಿಗೆ ಬಳಸುವುದು ಕಾರ್ಖಾನೆಗೆ ಅಗ್ಗ. ಅದಕ್ಕೇ ಕಡಿಮೆ ಬೆಲೆಯ ಎಷ್ಟೋ ಗಿಟಾರ್‌ಗಳಲ್ಲಿ ಪಿಕ್‌ಗಾರ್ಡಿನ ಅಡಿ ಬೇಕಾದ್ದಕ್ಕಿಂತ ದೊಡ್ಡ ಕುಳಿ ಇರುತ್ತದೆ. ಕೆಲವದರಲ್ಲಂತೂ ಮೂರೂ ಪಿಕಪ್‌ಗಳಿಗೆ ಸೇರಿ ಒಂದೇ ಉದ್ದನೆಯ ತೊಟ್ಟಿ. ಬಿಚ್ಚಿ ನೋಡಿ, ಹೊಸ ಪಿಕಪ್ ಕೈಯಲ್ಲಿ ಹಿಡಿದು ಇಳಿಸಿ ನೋಡಿ, ಕೂರದಿದ್ದರೆ ಮಾತ್ರ ಮುಂದಕ್ಕೆ ಓದಿ.

ಕೊರೆಯಲೇಬೇಕಾದ ಸಂದರ್ಭಗಳು ಇವೆ. ಮೂರೂ ಕಡೆ ಸಣ್ಣ ಕುಳಿಯಿರುವ ಹಳೆಯ ಶೈಲಿಯ ಸ್ಟ್ರಾಟ್‌ಗೆ ಹಂಬಕರ್ ಕೂರಿಸುವುದು, ಪ್ರಿಸಿಷನ್ ಮಾದರಿಯ ಬೇಸ್ ಗಿಟಾರ್‌ಗೆ ಬ್ರಿಜ್ ಹತ್ತಿರ ಜಾಝ್ ಬೇಸ್ ಮಾದರಿಯ ಇನ್ನೊಂದು ಪಿಕಪ್ ಸೇರಿಸುವುದು, ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್ ಹಾಕಲು 9 ವೋಲ್ಟ್ ಬ್ಯಾಟರಿಗೆ ಜಾಗ ಮಾಡುವುದು, ವಾಲ್ಯೂಮ್, ಟೋನ್ ತಿರುಪುಗಳಿರುವ ಕಂಟ್ರೋಲ್ ಕುಳಿಯ ಮುಚ್ಚಳ ಸಮನಾಗಿ ಕೂರಲು ಅಂಚು ತೆಗೆಯುವುದು. ಚರ್ಚಿನಲ್ಲಿ ನುಡಿಸುವವರು, ಗಣೇಶನ ಹಬ್ಬದ ಆರ್ಕೆಸ್ಟ್ರಾದವರು, ಕಾಲೇಜಿನ ಹುಡುಗರು, ಯಾರೇ ಬಂದರೂ ನನ್ನ ಹತ್ತಿರ ಬರುವ ಕೆಲಸ ಬಹುತೇಕ ಈ ನಾಲ್ಕರಲ್ಲಿ ಒಂದು. ಫ್ಲಾಯ್ಡ್ ರೋಸ್ ಟ್ರೆಮೊಲೊ (ಹಿಡಿ ಒತ್ತಿ ತಂತಿಯ ಶ್ರುತಿ ಬಾಗಿಸುವ ಬ್ರಿಜ್) ಕೂರಿಸುವ ಆಸೆಯಿದ್ದರೆ ಅದನ್ನು ನಿಮ್ಮ ಐದನೆಯದೋ ಆರನೆಯದೋ ಕೆಲಸವಾಗಿ ಇಟ್ಟುಕೊಳ್ಳಿ. ಅದರಲ್ಲಿ ಬ್ರಿಜ್ಜಿನ ಜಾಗವೇ ಕದಲುತ್ತದೆ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಶ್ರುತಿ ಕೂರುವುದೇ ಕಷ್ಟ.

ಮಷಿನ್: ಚಿಕ್ಕದೇ ಸಾಕು

ಅಂಗಡಿಯಲ್ಲಿ ರೌಟರ್ ಕೇಳಿದರೆ ಎರಡು ಬಗೆಯವು ಮುಂದೆ ಬರುತ್ತವೆ. ಒಂದು, ಎರಡು ಹಿಡಿಯ, ಅಲಗನ್ನು ನೇರ ಕೆಳಗಿಳಿಸಬಲ್ಲ ದೊಡ್ಡ ಪ್ಲಂಜ್ ರೌಟರ್. ಅರ್ಧ ಇಂಚಿನ ಕಡ್ಡಿಯ ಬಿಟ್ (ಮರ ಕೊರೆಯುವ ಅಲಗು) ಹಿಡಿಯುತ್ತದೆ, ಸಾವಿರದ ಮುನ್ನೂರು ವಾಟ್‌ನಿಂದ ಎರಡು ಸಾವಿರ ದಾಟುತ್ತದೆ, ಬಾಗಿಲು ಚೌಕಟ್ಟಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು, ಒಂದೇ ಕೈಯಲ್ಲಿ ಹಿಡಿಯಬಹುದಾದ ಟ್ರಿಮ್ಮರ್. ನಮ್ಮೂರಿನ ಫರ್ನಿಚರ್ ಕೆಲಸದವರು ಸನ್‌ಮೈಕಾ ಅಂಚು ಕತ್ತರಿಸಲು ದಿನವೂ ಬಳಸುವುದು ಇದನ್ನೇ. ಗಿಟಾರ್ ಕೆಲಸಕ್ಕೆ ನಾನು ಟ್ರಿಮ್ಮರನ್ನೇ ಹೇಳುತ್ತೇನೆ, ಎರಡನೆಯ ಮಾತಿಲ್ಲ.

ಕಾರಣ ಮಷಿನ್ನಿನ ಶಕ್ತಿಯಲ್ಲಿಲ್ಲ, ಕಣ್ಣಿನಲ್ಲಿದೆ. ಹಂಬಕರ್ ಕುಳಿ ಸುಮಾರು 70 ಮಿ.ಮೀ. ಉದ್ದ, 38 ಮಿ.ಮೀ. ಅಗಲ. ದೊಡ್ಡ ರೌಟರ್ ಇಟ್ಟರೆ ಅದರ ತಳವೇ ಇಡೀ ಕುಳಿಯನ್ನು ಮುಚ್ಚಿಬಿಡುತ್ತದೆ. ಬಿಟ್ ಎಲ್ಲಿದೆ ಎಂದು ಕಾಣುವುದಿಲ್ಲ. ಭಾರ ಬೇರೆ. ಗಿಟಾರಿನ ಸೊಂಟದ ಹತ್ತಿರ, ಕೊಂಬಿನ ಹತ್ತಿರ ಮರದ ಅಗಲ ಕಡಿಮೆಯಿರುವ ಕಡೆ ಮಷಿನ್ ಒಂದು ಬದಿಗೆ ವಾಲಿದರೆ ಕುಳಿಯ ಅಂಚೂ ವಾಲುತ್ತದೆ. ಟ್ರಿಮ್ಮರ್ ಒಂದೂವರೆಯಿಂದ ಎರಡು ಕೆ.ಜಿ. ಒಳಗಿನದು. ಮುಂಗೈಯನ್ನು ಟೆಂಪ್ಲೇಟ್ (ಕುಳಿಯ ಆಕಾರಕ್ಕೆ ಕತ್ತರಿಸಿದ ಅಚ್ಚುಹಲಗೆ) ಮೇಲೆ ಊರಿಕೊಂಡೇ ನಡೆಸಬಹುದು.

ಮಾದರಿಗಳ ಬಗ್ಗೆ ಕೇಳುವವರಿಗೆ ಇಷ್ಟು ಹೇಳಬಲ್ಲೆ. ಮಕೀಟಾ 3709 ಎಂಬುದು 530 ವಾಟ್, ನಿಮಿಷಕ್ಕೆ 30,000 ಸುತ್ತು, ಒಂದೇ ವೇಗ. ಬಾಷ್ ಜಿಕೆಎಫ್ 550 ಎಂಬುದು 550 ವಾಟ್, 33,000 ಸುತ್ತು, ಅದೂ ಒಂದೇ ವೇಗ. ಮಕೀಟಾ ಆರ್‌ಟಿ 0700ಸಿ ಎಂಬುದು 710 ವಾಟ್, ವೇಗವನ್ನು 10,000ದಿಂದ 30,000ದವರೆಗೆ ಬದಲಿಸಬಹುದು, ಅದಕ್ಕೆ ಹೊಂದುವ ಪ್ಲಂಜ್ ಬೇಸ್ ಕೂಡ ಉಂಟು. ಬರೀ ಪಿಕಪ್ ಕುಳಿ ತೆಗೆಯುವವರಿಗೆ ಮೊದಲಿನ ಎರಡರಲ್ಲಿ ಯಾವುದಾದರೂ ಸಾಕು. ಮುಂದೆ ಬಾಡಿಯ ಅಂಚು ಉರುಟು ಮಾಡುವ ಕೆಲಸಕ್ಕೂ ಕೈಹಾಕುತ್ತೇನೆ ಎನ್ನುವವರು ವೇಗ ಬದಲಿಸಬಲ್ಲದ್ದನ್ನೇ ಕೊಳ್ಳಲಿ. ಸ್ಟ್ರಾಟ್ ಅಂಚಿನ ಉರುಟು 12.7 ಮಿ.ಮೀ. ತ್ರಿಜ್ಯದ್ದು. ಅಂಥ ಬಿಟ್ಟಿನ ಒಟ್ಟು ವ್ಯಾಸ 30 ಮಿ.ಮೀ. ದಾಟುತ್ತದೆ. ಅಷ್ಟು ಅಗಲದ ಬಿಟ್ಟನ್ನು 30,000 ಸುತ್ತಿನಲ್ಲಿ ಓಡಿಸಬಾರದು. ವೇಗವನ್ನು 16,000–18,000ಕ್ಕೆ ಇಳಿಸಬೇಕು.

ಕೊಳ್ಳುವಾಗ ಅಂಗಡಿಯಲ್ಲೇ ಒಂದು ಬಿಟ್ ಹಾಕಿಸಿ, ಪ್ಲಗ್ ತೆಗೆದಿರುವಾಗ, ಬಿಟ್ಟಿನ ತುದಿ ಹಿಡಿದು ಅತ್ತಿತ್ತ ಅಲುಗಿಸಿ. ಕೂದಲೆಳೆಯಷ್ಟು ಆಟವಿದ್ದರೂ ಬೇರೆ ಪೀಸ್ ಕೇಳಿ. ಆಳ ಬಿಗಿ ಮಾಡುವ ಲಿವರ್ ಅಥವಾ ಸ್ಕ್ರೂ ಬಿಗಿದ ಮೇಲೆ ಮಷಿನ್ ತಳದಲ್ಲಿ ಜಾರುತ್ತದೆಯೇ ನೋಡಿ. ಕಾರ್ಬನ್ ಬ್ರಷ್ ಊರಲ್ಲೇ ಸಿಗುವಂಥದ್ದನ್ನು ಆರಿಸಿ. ಫರ್ನಿಚರ್ ಕೆಲಸದವರು ಹೆಚ್ಚು ಬಳಸುವ ಮಾದರಿಯನ್ನೇ ಕೊಂಡರೆ ಆ ಚಿಂತೆಯೂ ಇಲ್ಲ.

6 ಮತ್ತು 6.35

ಈ ಬರಹದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಮಾರುಕಟ್ಟೆಯಲ್ಲಿ ಟ್ರಿಮ್ಮರ್ ಬಿಟ್ಟುಗಳ ಕಡ್ಡಿ ಎರಡು ಅಳತೆಯಲ್ಲಿ ಬರುತ್ತದೆ. 6 ಮಿ.ಮೀ., ಮತ್ತು ಕಾಲಿಂಚು, ಅಂದರೆ 6.35 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎಷ್ಟೋ ಅಂಗಡಿಗಳಲ್ಲಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿರುತ್ತಾರೆ. ಬಿಟ್ಟನ್ನು ಹಿಡಿಯುವ ಕಾಲೆಟ್ ಕೂಡ ಹಾಗೆಯೇ, ಎರಡು ಅಳತೆ. 6.35ರ ಕಡ್ಡಿ 6ರ ಕಾಲೆಟ್ಟಿನಲ್ಲಿ ಹೋಗುವುದೇ ಇಲ್ಲ, ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಇನ್ನೊಂದರಲ್ಲಿ. 6ರ ಕಡ್ಡಿ 6.35ರ ಕಾಲೆಟ್ಟಿನಲ್ಲಿ ಸಲೀಸಾಗಿ ಹೋಗುತ್ತದೆ, ನಟ್ ಬಿಗಿದರೆ ಬಿಗಿಯಾದಂತೆಯೂ ಅನಿಸುತ್ತದೆ.

ನನ್ನ ಎರಡನೆಯ ಕೆಲಸದಲ್ಲೇ ಈ ತಪ್ಪು ಮಾಡಿದೆ. ಗೆಳೆಯನ ಬೇಸ್ ಗಿಟಾರ್, ಬ್ರಿಜ್ ಪಿಕಪ್ಪಿಗೆ 18 ಮಿ.ಮೀ. ಆಳದ ಕುಳಿ. ಮೊದಲೆರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯ ಸುತ್ತಿನಲ್ಲಿ ಸದ್ದು ಬದಲಾಯಿತು, ನಾನು ನಿಲ್ಲಿಸಲಿಲ್ಲ. ಮಷಿನ್ನಿನ ನಡುಕಕ್ಕೆ ಬಿಟ್ ಕಾಲೆಟ್ಟಿನಿಂದ ಚೂರುಚೂರೇ ಕೆಳಗಿಳಿಯುತ್ತಿತ್ತು. ಮಷಿನ್ ಎತ್ತಿದಾಗ ಕುಳಿಯ ತಳ ಇಳಿಜಾರಾಗಿತ್ತು, ಒಂದು ಮೂಲೆಯಲ್ಲಿ ಹಿಂಬದಿಯ ಕಂಟ್ರೋಲ್ ಕುಳಿಗೆ ತೂತೇ ಬಿದ್ದಿತ್ತು. ಮರದ ತುಂಡು ಕೂರಿಸಿ ಎಪಾಕ್ಸಿ ಹಾಕಿ ಸರಿಪಡಿಸಿದೆ. ಗೆಳೆಯ ಒಂದು ಮಾತೂ ಆಡಲಿಲ್ಲ. ಆದರೆ ಆ ಬೇಸ್ ಅವನು ಎರಡು ವರ್ಷ ದುಡ್ಡು ಕೂಡಿಸಿ ಕೊಂಡದ್ದು ಎಂಬುದು ನನಗೆ ಗೊತ್ತಿತ್ತು.

ನಮ್ಮ ಸೋದರಮಾವ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತ್ ಜೋಡಿಸುತ್ತಿದ್ದವರು. ಆ ಬಿಟ್ಟು, ಆ ಕಾಲೆಟ್ಟು ಎರಡನ್ನೂ ಅವರ ಮುಂದಿಟ್ಟೆ. ಬೆರಳಲ್ಲಿ ತಿರುಗಿಸಿ ನೋಡಿ ಹೇಳಿದರು: "ಕಾಲೆಟ್ ಅಂದ್ರ ಮುಷ್ಟಿ ಇದ್ದಂಗ ತಮ್ಮಾ. ಅದರ ಅಳತಿದು ಕೊಟ್ರ ಇಡೀ ಅಂಗೈಯಿಂದ ಹಿಡಿತತಿ. ಸಣ್ಣದು ಕೊಟ್ರ ಬರೇ ಬೆರಳ ತುದೀಲೆ ಹಿಡಿತತಿ. ಬಿಗಿ ಆಗೇತಿ ಅಂತ ನಿನಗ ಅನಸ್ತತಿ, ಅದಕ್ಕ ಅನಸೂದಿಲ್ಲ." ಅಂದಿನಿಂದ ಪ್ಲಾಸ್ಟಿಕ್‌ದಾದರೂ ಸರಿ, ಒಂದು ವರ್ನಿಯರ್ ಕ್ಯಾಲಿಪರ್ ನನ್ನ ಜೇಬಿನಲ್ಲಿರುತ್ತದೆ. ಅಂಗಡಿಯಲ್ಲಿ ಪ್ರತಿ ಬಿಟ್ಟಿನ ಕಡ್ಡಿಯನ್ನೂ ಅಳೆದೇ ದುಡ್ಡು ಕೊಡುತ್ತೇನೆ. ನಿಮ್ಮ ಮಷಿನ್ನಿನ ಜೊತೆ ಬಂದ ಕಾಲೆಟ್ ಯಾವುದು ಎಂದು ಮೊದಲು ತಿಳಿದುಕೊಳ್ಳಿ, ಬಿಟ್ಟುಗಳನ್ನೆಲ್ಲ ಅದೊಂದೇ ಅಳತೆಯಲ್ಲಿ ಕೊಳ್ಳಿ. ಎರಡು ಅಳತೆಯವನ್ನು ಮನೆಗೆ ತರಲೇಬೇಡಿ.

ಬಿಟ್ ಹಾಕುವ ಕ್ರಮ ಹೀಗೆ. ಪ್ಲಗ್ ಕಿತ್ತಿಡಿ. ಕಡ್ಡಿಯನ್ನು ಕಾಲೆಟ್ಟಿನ ತಳ ಮುಟ್ಟುವವರೆಗೆ ತಳ್ಳಿ, ಮತ್ತೆ ಎರಡು ಮೂರು ಮಿ.ಮೀ. ಹೊರಗೆಳೆಯಿರಿ. ತಳಕ್ಕೆ ಒತ್ತಿಕೊಂಡಿದ್ದರೆ ಕಾಲೆಟ್ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಕಡ್ಡಿ ಕನಿಷ್ಠ 20 ಮಿ.ಮೀ. ಒಳಗಿರಬೇಕು. ಆಳ ಸಾಲುತ್ತಿಲ್ಲ ಎಂದು ಬಿಟ್ಟನ್ನು ಹೊರಗೆಳೆದು ಉದ್ದ ಮಾಡಿಕೊಳ್ಳುವುದು ಬೇಡವೇ ಬೇಡ.

ಬಿಟ್: ಬೇರಿಂಗ್ ಮೇಲಿರಲಿ, ಅಲಗು ಗಿಡ್ಡಗಿರಲಿ

ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ "ಬೇರಿಂಗ್ ಬಿಟ್" ಎಂದು ಕೇಳಿದರೆ ಕೊಡುವುದು ಸನ್‌ಮೈಕಾ ಬಿಟ್. ಅದರ ಬೇರಿಂಗ್ ತುದಿಯಲ್ಲಿರುತ್ತದೆ, ಅಲಗಿನ ಕೆಳಗೆ. ಹಲಗೆಯ ಅಂಚಿಗೆ ಅದು ಸರಿ. ಗಿಟಾರಿನ ಕುಳಿಗೆ ತಳ ಇದೆಯಲ್ಲ, ತುದಿಯ ಬೇರಿಂಗ್ ಆ ತಳಕ್ಕೆ ಹೋಗಿ ಕೂತರೆ ಅದಕ್ಕೆ ಒರಗಿ ನಡೆಯಲು ಗೋಡೆಯೇ ಇಲ್ಲ. ನಮಗೆ ಬೇಕಾದದ್ದು ಬೇರಿಂಗ್ ಮೇಲೆ, ಕಡ್ಡಿಗೆ ಪೋಣಿಸಿದಂತೆ ಇರುವ ಬಿಟ್. ಟೆಂಪ್ಲೇಟ್ ಮೇಲಿರುತ್ತದೆ, ಬೇರಿಂಗ್ ಅದರ ಅಂಚಿಗೆ ಒರಗಿ ಸಾಗುತ್ತದೆ, ಅಲಗು ಕೆಳಗೆ ಅದೇ ಆಕಾರವನ್ನು ಮರದಲ್ಲಿ ಕೊರೆಯುತ್ತದೆ. ಅಂಗಡಿಯವರಿಗೆ "ಪ್ಯಾಟರ್ನ್ ಬಿಟ್, ಬೇರಿಂಗ್ ಮೇಲೆ" ಎಂದು ಹೇಳಿ, ಚಿತ್ರ ತೋರಿಸಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ತರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ಹಾಕಿ.

ಈಗ ಉದ್ದದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ಬೇರಿಂಗಿನ ದಪ್ಪ 5 ಮಿ.ಮೀ., ಟೆಂಪ್ಲೇಟಿನ ದಪ್ಪ 12 ಮಿ.ಮೀ. ಎಂದುಕೊಳ್ಳಿ. ಮೊದಲ ಸುತ್ತಿನಲ್ಲೇ ಬೇರಿಂಗ್ ಟೆಂಪ್ಲೇಟಿಗೆ ಪೂರ್ತಿ ಒರಗಬೇಕು. ಅಲಗಿನ ಉದ್ದ 25 ಮಿ.ಮೀ. ಇದ್ದರೆ 5 ಕೂಡಿಸು 25, ಅದರಲ್ಲಿ 12 ಕಳೆ. ಮೊದಲ ಸುತ್ತಿನಲ್ಲೇ 18 ಮಿ.ಮೀ. ಆಳಕ್ಕೆ ಕೊರೆಯಬೇಕಾಗುತ್ತದೆ. ಟ್ರಿಮ್ಮರ್ ಅಷ್ಟನ್ನು ಒಮ್ಮೆಗೇ ತಿನ್ನಲಾರದು. ಬಿಟ್ ಹಾರುತ್ತದೆ, ಮರ ಸುಡುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಅದೇ ಅಲಗು 10 ಮಿ.ಮೀ. ಇದ್ದರೆ ಮೊದಲ ಸುತ್ತು ಬರೀ 3 ಮಿ.ಮೀ. ಟ್ರಿಮ್ಮರಿಗೆ ಒಂದು ಸುತ್ತಿಗೆ 3 ಮಿ.ಮೀ. ಹಿತವಾದ ಅಳತೆ. ಹೀಗೆ ಮೂರು ನಾಲ್ಕು ಸುತ್ತು ಇಳಿದ ಮೇಲೆ ಮರದಲ್ಲೇ ಗೋಡೆ ಎದ್ದಿರುತ್ತದೆ. ಆಗ ಟೆಂಪ್ಲೇಟ್ ಕಿತ್ತು, ಆ ಗೋಡೆಗೇ ಬೇರಿಂಗ್ ಒರಗಿಸಿ ಇನ್ನೂ ಆಳಕ್ಕೆ ಹೋಗಬಹುದು.

ಹಾಗಾದರೆ ಯಾವ ವ್ಯಾಸ? ಬಿಟ್ಟಿನ ವ್ಯಾಸದ ಅರ್ಧದಷ್ಟು ಉರುಟು ಕುಳಿಯ ಮೂಲೆಯಲ್ಲಿ ಉಳಿಯುತ್ತದೆ. 12.7 ಮಿ.ಮೀ. ಬಿಟ್ ಮೂಲೆಯಲ್ಲಿ 6.35 ಮಿ.ಮೀ. ತ್ರಿಜ್ಯ ಬಿಡುತ್ತದೆ. ಪಿಕ್‌ಗಾರ್ಡ್ ಅಥವಾ ಹಂಬಕರ್ ರಿಂಗ್ ಮೇಲೆ ಮುಚ್ಚುವುದಾದರೆ ಅದು ಕಾಣುವುದಿಲ್ಲ, ಕುಳಿಯನ್ನು ಎರಡು ಮಿ.ಮೀ. ದೊಡ್ಡದು ಮಾಡಿದರೂ ನಡೆಯುತ್ತದೆ. ಜಾಝ್ ಬೇಸ್ ಪಿಕಪ್ ಹಾಗಲ್ಲ, ಅದು ಮರದಲ್ಲೇ ಮುಖ ತೋರಿಸಿಕೊಂಡು ಕೂರುವಂಥದ್ದು. ಅಲ್ಲಿ 9.5 ಮಿ.ಮೀ. ಬಿಟ್ ಬೇಕು. ಕಾಲಿಂಚಿನ ಕಡ್ಡಿಗೆ ಪೋಣಿಸುವ ಬೇರಿಂಗಿನ ಹೊರ ವ್ಯಾಸವೇ ಸಾಮಾನ್ಯವಾಗಿ 9.5 ಇರುವುದರಿಂದ ಅದಕ್ಕಿಂತ ಸಣ್ಣದಕ್ಕೆ ಹೋಗುವ ಬದಲು ಉಳಿದ ಮೂಲೆಯನ್ನು ಹರಿತವಾದ ಉಳಿಯಲ್ಲಿ ಕೈಯಿಂದ ತೆಗೆಯುವುದೇ ಲೇಸು. ಒಟ್ಟಿನಲ್ಲಿ ನಿಮಗೆ ಬೇಕಾದದ್ದು ಎರಡೇ ಬಿಟ್. 9.5 ಮಿ.ಮೀ. ವ್ಯಾಸದ್ದೊಂದು, 12.7 ಮಿ.ಮೀ. ವ್ಯಾಸದ್ದೊಂದು, ಎರಡರ ಅಲಗೂ 10ರಿಂದ 13 ಮಿ.ಮೀ. ಉದ್ದ, ಎರಡಕ್ಕೂ ಬೇರಿಂಗ್ ಮೇಲೆ. ಮರದ ಪೆಟ್ಟಿಗೆಯಲ್ಲಿ ಹನ್ನೆರಡೋ ಹದಿನೈದೋ ಬಿಟ್ ಜೋಡಿಸಿ ಮಾರುವ ಸೆಟ್ ನೋಡಲು ಚೆಂದ. ಅದರಲ್ಲಿ ನಿಮಗೆ ಒದಗುವುದು ಒಂದು ಸಿಕ್ಕರೆ ಹೆಚ್ಚು. ಅದೇ ದುಡ್ಡನ್ನು ಎರಡು ಒಳ್ಳೆಯ ಕಾರ್ಬೈಡ್ ಬಿಟ್ಟಿಗೆ ಹಾಕಿ.

ಬಿಟ್ ಕೈಗೆ ಬಂದ ಮೇಲೆ ಮೂರು ಪರೀಕ್ಷೆ. ಬೇರಿಂಗಿನ ವ್ಯಾಸವೂ ಅಲಗಿನ ವ್ಯಾಸವೂ ಒಂದೇ ಇದೆಯೇ ಅಳೆಯಿರಿ. ಬೇರಿಂಗ್ ತಡೆಯಿಲ್ಲದೆ ತಿರುಗುತ್ತದೆಯೇ ನೋಡಿ. ಬೇರಿಂಗನ್ನು ಮೇಲಕ್ಕೆ ಜಾರದಂತೆ ಹಿಡಿಯುವ ಪುಟ್ಟ ಉಂಗುರ, ಅದರ ಅಲೆನ್ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಆ ಉಂಗುರ ಸಡಿಲವಾಗಿ ಬೇರಿಂಗ್ ಒಂದು ಕೂದಲು ಮೇಲೆ ಸರಿದರೂ ಅಲಗು ಟೆಂಪ್ಲೇಟನ್ನೇ ತಿನ್ನುತ್ತದೆ.

ಟೆಂಪ್ಲೇಟ್ ಚೆನ್ನಾಗಿದ್ದಷ್ಟೇ ಕುಳಿ ಚೆನ್ನ

ಬೇರಿಂಗ್ ಕುರುಡು. ಟೆಂಪ್ಲೇಟಿನ ಅಂಚಿನಲ್ಲಿ ಉಗುರಿನಷ್ಟು ತಗ್ಗಿದ್ದರೆ ಅದನ್ನೂ ಮರಕ್ಕೆ ಒಪ್ಪಿಸುತ್ತದೆ. ಆದ್ದರಿಂದ ಮಷಿನ್ ಆರಿಸಲು ಹಾಕಿದ ಸಮಯದ ಎರಡರಷ್ಟನ್ನು ಟೆಂಪ್ಲೇಟಿಗೆ ಕೊಡಿ.

ಈಗ ಇದು ಸುಲಭವಾಗಿದೆ. ಬಾಗಿಲಿಗೆ ಗಣಪತಿ, ಲಕ್ಷ್ಮಿ ಕೆತ್ತುವ, ಎಂಡಿಎಫ್‌ನಲ್ಲಿ ಜಾಲರಿ ಕತ್ತರಿಸುವ, ಕಂಪ್ಯೂಟರ್ ನಡೆಸುವ ಮಷಿನ್ನಿನ ಸಿಎನ್‌ಸಿ ಅಂಗಡಿಗಳು ನಮ್ಮಂಥ ಊರುಗಳಲ್ಲೂ ಇವೆ. ಡಿಎಕ್ಸ್‌ಎಫ್ ಫೈಲ್ (ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆ) ಕೊಟ್ಟರೆ 12 ಮಿ.ಮೀ. ಎಂಡಿಎಫ್‌ನಲ್ಲಿ ಕತ್ತರಿಸಿಕೊಡುತ್ತಾರೆ. ಕೊಡುವ ಮುಂಚೆ ಎರಡು ಮಾತು ಕೇಳಿ. ಅವರು ಬಳಸುವ ಬಿಟ್ ಎಷ್ಟು ವ್ಯಾಸದ್ದು, ಮತ್ತು ಆ ವ್ಯಾಸವನ್ನು ಲೆಕ್ಕಕ್ಕೆ ಹಿಡಿದು ಗೆರೆಯ ಒಳಬದಿಗೆ ಕತ್ತರಿಸುತ್ತಾರೆಯೇ. ಗೆರೆಯ ಮೇಲೆಯೇ ಓಡಿಸಿಬಿಟ್ಟರೆ ಕುಳಿ ಸುತ್ತಲೂ ಅರ್ಧ ಬಿಟ್ಟಿನಷ್ಟು ದೊಡ್ಡದಾಗುತ್ತದೆ. ಸೂಚನೆಯನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಅಳತೆ ಬರೆದು ಕೊಡುವುದು ನನ್ನ ಅಭ್ಯಾಸ. ಟೆಂಪ್ಲೇಟನ್ನು ಗಿಟಾರಿನ ಅಗಲಕ್ಕಿಂತ ಚಿಕ್ಕದು ಮಾಡಿಸಬೇಡಿ. ಟ್ರಿಮ್ಮರಿನ ತಳ ಎಲ್ಲ ಕಡೆಯೂ ಅದರ ಮೇಲೆ ಪೂರ್ತಿ ಊರುವಂತಿರಬೇಕು. ನಡುಗೆರೆಯನ್ನು ಮೇಲೆ ಕೆಳಗೆ ಎರಡೂ ಕಡೆ ಕೊರೆಸಿಕೊಳ್ಳಿ.

ತಂದ ಮೇಲೆ ನಿಜವಾದ ಪಿಕಪ್ಪನ್ನೇ ಟೆಂಪ್ಲೇಟಿನ ತೂತಿಗೆ ಇಳಿಸಿ ನೋಡಿ. ಸುತ್ತಲೂ ಅರ್ಧ ಮಿ.ಮೀ. ಸಡಿಲ ಇರಲಿ, ಪೇಂಟ್ ಮತ್ತು ಗುಂಯ್‌ಗುಡುವ ಸದ್ದು ತಡೆಯಲು ಕುಳಿಯೊಳಗೆ ಅಂಟಿಸುವ ತಾಮ್ರದ ಟೇಪಿಗೆ ಆ ಜಾಗ ಬೇಕಾಗುತ್ತದೆ. ಆಮೇಲೆ ಮರದ ತುಂಡಿನ ಮೇಲೆ ಒಮ್ಮೆ ಪೂರ್ತಿ ಕುಳಿ ತೆಗೆಯಿರಿ. ಟಿಂಬರ್ ಡಿಪೋದಲ್ಲಿ ಬೇವಿನದೋ ಸಿಲ್ವರ್ ಓಕಿನದೋ ತುಂಡು ಕೇಳಿದರೆ ಸಿಗುತ್ತದೆ. ಸಾಗುವಾನಿ ಬೇಡ. ಅದರೊಳಗೆ ಮರಳಿನ ಅಂಶವಿರುತ್ತದೆ, ಹೊಸ ಬಿಟ್ಟಿನ ಹರಿತ ಅಭ್ಯಾಸದಲ್ಲೇ ಹೋಗಿಬಿಡುತ್ತದೆ. ಈ ಅಭ್ಯಾಸದ ತುಂಡನ್ನು ತಪ್ಪಿಸಿ ನೇರ ಗಿಟಾರಿಗೆ ಹೋದವರ ಗಿಟಾರ್‌ಗಳೇ ನನ್ನ ಹತ್ತಿರ ರಿಪೇರಿಗೆ ಹೆಚ್ಚು ಬರುವುದು.

ಕೊರೆಯುವ ದಿನ

ಹಿಂಬದಿಯನ್ನೂ ನೋಡಿಕೊಳ್ಳಿ. ಸಾಮಾನ್ಯ ಬಾಡಿಯ ದಪ್ಪ ಸುಮಾರು 45 ಮಿ.ಮೀ. ಟ್ರೆಮೊಲೊ ಇರುವ ಸ್ಟ್ರಾಟಿನ ಹಿಂದೆ ಸ್ಪ್ರಿಂಗ್‌ಗಳ ಕುಳಿ ಸುಮಾರು 16 ಮಿ.ಮೀ. ಆಳ ಇರುತ್ತದೆ, ಅದು ಪಿಕಪ್‌ಗಳ ಬೆನ್ನಿಗೇ ಬರುತ್ತದೆ. ಮುಂದಿನಿಂದ 19 ತೆಗೆದರೆ ನಡುವೆ ಉಳಿಯುವುದು 10 ಮಿ.ಮೀ. ಕಡಿಮೆ ಬೆಲೆಯ ಕೆಲವು ಗಿಟಾರ್‌ಗಳ ಬಾಡಿ ಇನ್ನೂ ತೆಳ್ಳಗಿರುತ್ತದೆ. ಮೊದಲು ಅಳೆಯಿರಿ, ಉಳಿಯುವುದು 6 ಮಿ.ಮೀ.ಗಿಂತ ಕಡಿಮೆಯಾಗುವುದಾದರೆ ಗಿಡ್ಡ ಕಾಲಿನ ಪಿಕಪ್ ಆರಿಸಿ. ಹಂಬಕರಿನ ಎರಡು ಬದಿಯ ಕಾಲುಗಳಿಗೆ ಮಾತ್ರ ಆಳ ಹೆಚ್ಚು ಬೇಕು, ಇಡೀ ಕುಳಿಗೆ ಅಲ್ಲ.

ನಡುಗೆರೆಯನ್ನು ಬಾಡಿಯ ಆಕಾರ ನೋಡಿ ಎಳೆಯಬೇಡಿ. ಎರಡು ಬದಿಯ ತಂತಿಗಳನ್ನು ಬಿಗಿಯಾಗಿಟ್ಟುಕೊಂಡು ಅವುಗಳ ನಡುವಿನಿಂದ ಗೆರೆ ಹಿಡಿಯಿರಿ. ನೆಕ್, ಅಂದರೆ ಗಿಟಾರಿನ ಕತ್ತು, ಒಂದು ಕೂದಲು ಓರೆ ಇದ್ದರೂ ತಂತಿ ಹೋಗುವ ದಾರಿಯೇ ಪಿಕಪ್ಪಿಗೆ ದಾರಿ. ಬಾಡಿಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಅದರ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆಮೇಲೆ ತಂತಿ, ಬ್ರಿಜ್, ಎಲೆಕ್ಟ್ರಾನಿಕ್ಸ್ ಎಲ್ಲ ಬಿಚ್ಚಿ. ಸಾಧ್ಯವಿದ್ದರೆ ನೆಕ್ ಕೂಡ ಬಿಚ್ಚಿಡಿ.

ಟೆಂಪ್ಲೇಟ್ ಅಂಟಿಸಲು ನಾನು ಬಳಸುವ ಉಪಾಯ ಇದು. ಬಾಡಿಯ ಮೇಲೊಂದು ಪದರ ಮಾಸ್ಕಿಂಗ್ ಟೇಪ್, ಟೆಂಪ್ಲೇಟಿನ ಅಡಿಗೊಂದು ಪದರ, ಎರಡರ ನಡುವೆ ಫೆವಿಕ್ವಿಕ್. ಎರಡು ನಿಮಿಷದಲ್ಲಿ ಕಲ್ಲಿನಂತೆ ಹಿಡಿಯುತ್ತದೆ, ಕೀಳುವಾಗ ಟೇಪಿನ ಜೊತೆ ಬಂದುಬಿಡುತ್ತದೆ. ಹಳೆಯ ಪೇಂಟ್ ಏಳುವಂತಿದ್ದರೆ ಮೊದಲು ಕಾಣದ ಕಡೆ ಟೇಪ್ ಹಚ್ಚಿ ಕಿತ್ತು ನೋಡಿ. ಅದರ ಜೊತೆಗೆ ಎರಡು ಸಿ ಕ್ಲ್ಯಾಂಪ್ ಹಾಕಿ, ಟ್ರಿಮ್ಮರ್ ಓಡುವ ದಾರಿಗೆ ಅಡ್ಡ ಬರದಂತೆ.

ಈಗಲೂ ರೌಟರ್ ಬೇಡ, ಡ್ರಿಲ್ ತೆಗೆದುಕೊಳ್ಳಿ. ಕುಳಿಯೊಳಗಿನ ಮರದ ಮುಕ್ಕಾಲು ಪಾಲನ್ನು ಚಪ್ಪಟೆ ತಳದ ತೂತು ಕೊರೆಯುವ ಫೋರ್ಸ್ಟ್‌ನರ್ ಬಿಟ್ಟಿನಲ್ಲಿ ತೂತು ಪಕ್ಕ ತೂತು ಹೊಡೆದು ತೆಗೆಯಿರಿ. ಗೆರೆಯಿಂದ ಎರಡು ಮಿ.ಮೀ. ದೂರವಿರಲಿ, ಆಳದಲ್ಲೂ ಎರಡು ಮೂರು ಮಿ.ಮೀ. ಬಿಡಿ, ಏಕೆಂದರೆ ಅದರ ನಡುಮೊಳೆ ಮುಂದೆ ಚಾಚಿಕೊಂಡಿರುತ್ತದೆ. ಇದರಿಂದ ಎರಡು ಲಾಭ. ರೌಟರಿಗೆ ಉಳಿಯುವುದು ಅಂಚು ನಯ ಮಾಡುವ ಕೆಲಸ ಮಾತ್ರ. ಪ್ಲಂಜ್ ಬೇಸ್ ಇಲ್ಲದ ಟ್ರಿಮ್ಮರನ್ನು ಓಡುತ್ತಿರುವಾಗ ಓರೆಯಾಗಿ ಮರಕ್ಕೆ ಇಳಿಸುವ ಅಪಾಯವೂ ತಪ್ಪುತ್ತದೆ. ಬಿಟ್ಟನ್ನು ತೂತಿನೊಳಗೆ ಏನನ್ನೂ ಮುಟ್ಟದಂತೆ ಇಟ್ಟು, ಆಮೇಲೆ ಸ್ವಿಚ್ ಹಾಕಿ. ಪೂರ್ತಿ ವೇಗಕ್ಕೆ ಬಂದ ಮೇಲೆ ಅಂಚಿಗೆ ಒಯ್ಯಿರಿ.

ತಿರುಗಿಸುವ ದಿಕ್ಕು: ಮೇಲಿನಿಂದ ನೋಡಿದಾಗ ಬಿಟ್ ಪ್ರದಕ್ಷಿಣವಾಗಿ ತಿರುಗುತ್ತದೆ. ಕುಳಿಯ ಒಳಗೆ ಕೊರೆಯುವಾಗ ನೀವೂ ಪ್ರದಕ್ಷಿಣವಾಗಿಯೇ ಸಾಗಿ. ಬಾಡಿಯ ಹೊರ ಅಂಚನ್ನು ಕತ್ತರಿಸುವಾಗ ಅಪ್ರದಕ್ಷಿಣವಾಗಿ. ಹೀಗೆ ಸಾಗಿದರೆ ಬಿಟ್ ನಿಮ್ಮ ಕೈಗೆ ಎದುರಾಗಿ ತಳ್ಳುತ್ತದೆ, ಹಿಡಿತ ನಿಮ್ಮದಾಗಿರುತ್ತದೆ. ತಿರುವುಮುರುವಾದರೆ ಬಿಟ್ ಮಷಿನ್ನನ್ನೇ ಎಳೆದುಕೊಂಡು ಓಡುತ್ತದೆ. ಒಂದೇ ಕಡೆ ನಿಲ್ಲಿಸಬೇಡಿ, ನಿಂತಲ್ಲಿ ಮರ ಕಪ್ಪಾಗುತ್ತದೆ. ನಿಲ್ಲಿಸದೆಯೂ ಕಪ್ಪಾಗುತ್ತಿದ್ದರೆ ಬಿಟ್ ಮೊಂಡಾಗಿದೆ ಎಂದರ್ಥ. ಸದ್ದು ಬದಲಾದರೆ ತಕ್ಷಣ ಸ್ವಿಚ್ ಆರಿಸಿ, ಬಿಟ್ ಪೂರ್ತಿ ನಿಂತ ಮೇಲೆ ಎತ್ತಿ. ತಿರುಗುತ್ತಿರುವ ಬಿಟ್ಟನ್ನು ಟೆಂಪ್ಲೇಟಿನಿಂದ ಮೇಲೆತ್ತಲು ಹೋಗಿ ಅಂಚು ಕಳೆದುಕೊಂಡವರು ಬಹಳ ಮಂದಿ.

ಪಾಲಿಯೆಸ್ಟರ್ ಪೇಂಟ್ ಗಾಜಿನಂತೆ ಸಿಡಿಯುತ್ತದೆ. ಪಿಕಪ್ ಅಂಚು ಹೊರಗೆ ಕಾಣುವಂಥದ್ದಾದರೆ ಟೆಂಪ್ಲೇಟ್ ಅಂಟಿಸುವ ಮೊದಲೇ ಗೆರೆಯ ಮೇಲೆ ಹರಿತವಾದ ಬ್ಲೇಡಿನಲ್ಲಿ ಹಲವು ಸಲ ಗೀರಿ ಪೇಂಟ್ ಕತ್ತರಿಸಿಕೊಳ್ಳಿ. ಮೊದಲ ಸುತ್ತನ್ನು ಬೇರಿಂಗ್ ಟೆಂಪ್ಲೇಟಿಗೆ ಒರಗುವ ಅತಿ ಕಡಿಮೆ ಆಳಕ್ಕೇ ಇಡಿ.

ಕರೆಂಟಿನ ಬಗ್ಗೆ ಒಂದು ಮಾತು. ಟ್ರಿಮ್ಮರಿನ ಸ್ವಿಚ್ ಒಮ್ಮೆ ಹಾಕಿದರೆ ಆನ್ ಆಗಿಯೇ ಉಳಿಯುವಂಥದ್ದು. ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ನಾವು ಮಷಿನ್ ಮಗ್ಗುಲಾಗಿ ಇಟ್ಟು ಚಹಾ ಕುಡಿಯಲು ಏಳುತ್ತೇವೆ. ಕರೆಂಟ್ ಬಂದ ಕ್ಷಣಕ್ಕೆ ಅದು 30,000 ಸುತ್ತಿನಲ್ಲಿ ಮೇಜಿನ ಮೇಲೆ ಓಡಾಡಲು ಶುರು ಮಾಡುತ್ತದೆ. ಕರೆಂಟ್ ಹೋದ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕೀಳಿ. ಇದನ್ನು ನಿಮ್ಮ ಜೊತೆ ಕೆಲಸ ಮಾಡುವ ತಮ್ಮಂದಿರಿಗೂ ಹೇಳಿ. ಕನ್ನಡಕ, ಕಿವಿಗೆ ಮುಚ್ಚಳ, ಎನ್95 ಮಾಸ್ಕ್ ಇಲ್ಲದೆ ಶುರು ಮಾಡಬೇಡಿ, ಎಂಡಿಎಫ್ ಮತ್ತು ಪೇಂಟಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೈಗವಸು ಬೇಡ. ಮಣಿಕಟ್ಟಿಗೆ ಕಟ್ಟಿದ ದಾರ, ಕತ್ತಿನಲ್ಲಿ ಜೋಲುವ ಗುರುತಿನ ಚೀಟಿಯ ಪಟ್ಟಿ ತೆಗೆದಿಡಿ.

ಬೇಸ್ ನುಡಿಸುವವರಿಗೆ

ಜಾಝ್ ಪಿಕಪ್ ಸೇರಿಸುವವರು ಕೊಳ್ಳುವ ಮೊದಲೇ ತಿಳಿದಿರಬೇಕಾದ್ದು, ಫೆಂಡರ್ ಮಾದರಿಯ ಜೋಡಿಯಲ್ಲಿ ಬ್ರಿಜ್ ಪಿಕಪ್ ನೆಕ್ ಪಿಕಪ್ಪಿಗಿಂತ ಸುಮಾರು 3 ಮಿ.ಮೀ. ಉದ್ದ. ಬ್ರಿಜ್ ಹತ್ತಿರ ತಂತಿಗಳು ಅಗಲವಾಗುವುದೇ ಅದಕ್ಕೆ ಕಾರಣ. ಒಂಟಿ ಪಿಕಪ್ ಕೊಳ್ಳುವಾಗ ಯಾವುದೆಂದು ಕೇಳಿ, ಟೆಂಪ್ಲೇಟನ್ನು ಅದಕ್ಕೆ ತಕ್ಕಂತೆಯೇ ಮಾಡಿಸಿ.

ಎಲ್ಲಿ ಕೂರಿಸಬೇಕು ಎಂಬುದು ಇನ್ನೊಂದು ಪ್ರಶ್ನೆ. ಫೆಂಡರ್ ಜಾಝ್ ಬೇಸ್ 1960ರಲ್ಲಿ ಬಂತು. 1970ರ ದಶಕದಲ್ಲಿ ಅದರ ಬ್ರಿಜ್ ಪಿಕಪ್ಪನ್ನು ಸುಮಾರು 10 ಮಿ.ಮೀ. ಬ್ರಿಜ್ ಕಡೆಗೆ ಸರಿಸಿದರು. ಆ ಒಂದು ಸೆಂಟಿಮೀಟರಿಗೆ ದನಿ ಚುರುಕಾಗುತ್ತದೆ, ಹೊಟ್ಟೆಯ ತುಂಬುದನಿ ಕಡಿಮೆಯಾಗುತ್ತದೆ. ಬೆರಳಿನಿಂದ ನುಡಿಸುವ, ಹಾಡಿನ ಹಿಂದೆ ಕೂರುವ ಬೇಸ್ ಬೇಕೆನ್ನುವವರಿಗೆ ನಾನು ಹಳೆಯ ಜಾಗವನ್ನೇ ಹೇಳುತ್ತೇನೆ. ಹೆಬ್ಬೆರಳಿನಿಂದ ಹೊಡೆದು ನುಡಿಸುವವರಿಗೆ ಹೊಸದು ಹಿಡಿಸಬಹುದು. ಕುಳಿ ತೆಗೆದ ಮೇಲೆ ಇದನ್ನು ಬದಲಿಸಲಾಗದು, ಆದ್ದರಿಂದ ಒಂದು ವಾರ ಯೋಚಿಸಿ.

ಬ್ಯಾಟರಿಗೆ ಬೇರೆ ಕುಳಿ ತೆಗೆಯುವವರು ನೆನಪಿಡಿ. 9 ವೋಲ್ಟ್ ಬ್ಯಾಟರಿ ಸುಮಾರು 48 ಮಿ.ಮೀ. ಉದ್ದ, 26 ಅಗಲ, 17 ದಪ್ಪ. ಅದರ ಪೆಟ್ಟಿಗೆ ಇನ್ನೂ ದೊಡ್ಡದು. ಪೆಟ್ಟಿಗೆಯನ್ನು ಕೈಯಲ್ಲಿಟ್ಟುಕೊಂಡು ಅಳೆದೇ ಟೆಂಪ್ಲೇಟ್ ಮಾಡಿ. ಕಂಟ್ರೋಲ್ ಕುಳಿಯಲ್ಲೇ ಬ್ಯಾಟರಿ ಹಿಡಿಯುವಷ್ಟು ಜಾಗವಿದ್ದರೆ ಮರವನ್ನು ಮುಟ್ಟದಿರುವುದೇ ಮೇಲು. ಕುಳಿಯಿಂದ ಕುಳಿಗೆ ವೈರ್ ಹಾಯಿಸಲು ರೌಟರ್ ಬೇಡ, ಎಲೆಕ್ಟ್ರಿಷಿಯನ್‌ಗಳು ಬಳಸುವ ಉದ್ದನೆಯ 6 ಮಿ.ಮೀ. ಡ್ರಿಲ್ ಬಿಟ್ ಸಾಕು. ಎರಡೂ ತುದಿಯನ್ನು ಕಣ್ಣಳತೆಯಲ್ಲಿ ನೇರ ಹಿಡಿದು ನಿಧಾನಕ್ಕೆ ಹೊಡೆಯಿರಿ, ಹಿಂದಿನಿಂದ ಒಬ್ಬರು ನಿಂತು ಕೋನ ನೋಡುತ್ತಿದ್ದರೆ ಒಳ್ಳೆಯದು.

ಕೆಲಸ ಮುಗಿದ ಮೇಲೆ ಕುಳಿಯೊಳಗಿನ ಹೊಟ್ಟನ್ನು ಬ್ರಷ್‌ನಿಂದ ತೆಗೆದು, ಹೊಸದಾಗಿ ಕೊರೆದ ಬರಿ ಮರಕ್ಕೆ ಒಂದು ಕೈ ಸೀಲರ್ ಹಚ್ಚಿ ಒಣಗಲು ಬಿಡಿ. ಬಿಟ್ಟಿನ ಅಲಗಿಗೆ ಅಂಟಿದ ಮರದ ಅಂಟನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ. ಬಿಟ್ಟನ್ನು ಇಡಿಯಾಗಿ ಸೀಮೆಎಣ್ಣೆಯಲ್ಲಿ ಮುಳುಗಿಸಬೇಡಿ, ಬೇರಿಂಗಿನೊಳಗಿನ ಗ್ರೀಸ್ ಕರಗಿ ಹೋಗುತ್ತದೆ. ಬೇರಿಂಗ್ ಬಿಚ್ಚಿ ಬೇರೆ ಇಟ್ಟೇ ಒರೆಸಿ, ಉಂಗುರದ ಸ್ಕ್ರೂ ಮತ್ತೆ ಬಿಗಿ ಮಾಡಿ, ಕಡ್ಡಿಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಬಿಟ್ಟಿನ ಡಬ್ಬಿಗೆ ಅಂಟಿಸಿಡಿ.